ಬೆಳೆದ ಮಕ್ಕಳು ಯಾರ ರಿಟರ್ನಿನಲ್ಲಿ? ಅಮೆರಿಕದ ತೆರಿಗೆ ಕೇಳುವ ವಾರ್ಷಿಕ ಪ್ರಶ್ನೆ

ಜನವರಿ ಕೊನೆಯಿಂದ ಏಪ್ರಿಲ್ 15ರ ತನಕ ಅಮೆರಿಕದಲ್ಲಿ ತೆರಿಗೆಯ ಕಾಲ. ನ್ಯೂಜೆರ್ಸಿಯ ಎಡಿಸನ್ನಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ವರೆಗೆ, ಕೆಲಸ ಅರಸಿ ಹೋಗಿ ನೆಲೆನಿಂತ ಕನ್ನಡ ಕುಟುಂಬಗಳ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಕೆಲವರು ಪದವಿ ಮುಗಿಸಿ ಮೊದಲ ಸಂಬಳ ಕಂಡಿದ್ದಾರೆ. ಅಂಥ ಮನೆಗಳಲ್ಲಿ ಈ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ. ಇಪ್ಪತ್ತು ದಾಟಿದ ಮಗನನ್ನೋ ಮಗಳನ್ನೋ ಅಪ್ಪ-ಅಮ್ಮ ತಮ್ಮ ತೆರಿಗೆ ರಿಟರ್ನಿನಲ್ಲಿ ‘ಡಿಪೆಂಡೆಂಟ್’ ಎಂದು, ತಮ್ಮನ್ನು ಅವಲಂಬಿಸಿದವರು ಎಂದು, ತೋರಿಸಬಹುದೇ?

ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು. ‘ಫೀಸು ಕಟ್ಟುವವರು ನಾವು, ತೋರಿಸಬಹುದು.’ ‘ಹದಿನೆಂಟು ತುಂಬಿತಲ್ಲ, ಇನ್ನು ಆಗದು.’ ‘ಅವನೇ ದುಡಿಯುತ್ತಿದ್ದಾನೆ, ಆಗದು.’ ಮೂರರಲ್ಲೂ ಅರ್ಧ ಮಾತ್ರ ಸತ್ಯವಿದೆ. ಕಾನೂನು ನೋಡುವುದು ಆಯಾ ವರ್ಷದ ಸಂಗತಿಗಳನ್ನು: ವಯಸ್ಸೆಷ್ಟು, ಓದಿದ್ದು ಎಷ್ಟು ತಿಂಗಳು, ಎಲ್ಲಿದ್ದರು, ಖರ್ಚಿಗೆ ಹಣ ಯಾರದು, ವೀಸಾ ಯಾವುದು. ಕಳೆದ ವರ್ಷ ‘ಹೌದು’ ಎಂದಿದ್ದ ಉತ್ತರ ಈ ವರ್ಷ ‘ಇಲ್ಲ’ ಆಗಬಹುದು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಒಂದು ಉತ್ತರ ಎರಡು ರಿಟರ್ನುಗಳನ್ನು, ಹೆತ್ತವರದನ್ನೂ ಮಗುವಿನದನ್ನೂ, ಒಟ್ಟಿಗೆ ಬಿಗಿಯುತ್ತದೆ. ಹಾಗಾಗಿ ಯಾರೊಬ್ಬರೂ ರಿಟರ್ನ್ ಸಲ್ಲಿಸುವ ಮೊದಲೇ ಇದನ್ನು ಇಬ್ಬರೂ ಕೂತು ತೀರ್ಮಾನಿಸಬೇಕು ಎಂಬುದೇ ಈ ಲೇಖನದ ವಾದ.

ಭಾರತದಿಂದ ಹೋದವರಿಗೆ ಈ ಪರಿಕಲ್ಪನೆಯೇ ಹೊಸದು. ನಮ್ಮಲ್ಲಿ ಆದಾಯ ತೆರಿಗೆ ಒಬ್ಬೊಬ್ಬ ವ್ಯಕ್ತಿಯದು. ಗಂಡ-ಹೆಂಡತಿ ಜೊತೆಯಾಗಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿ ಇಲ್ಲ. ಮಕ್ಕಳ ಹೆಸರಿನಲ್ಲಿ ಸಿಗುವ ರಿಯಾಯಿತಿಗಳೂ ನಿರ್ದಿಷ್ಟ ಖರ್ಚಿಗೆ ಕಟ್ಟುಬಿದ್ದವು: ಹಳೆಯ ತೆರಿಗೆ ಪದ್ಧತಿಯಲ್ಲಿ ಬೋಧನಾ ಶುಲ್ಕ, ಶಿಕ್ಷಣ ಸಾಲದ ಬಡ್ಡಿ, ಅಂಗವೈಕಲ್ಯವಿರುವ ಅವಲಂಬಿತರ ಪಾಲನೆ, ಹೀಗೆ. ಅಮೆರಿಕದಲ್ಲಿ ‘ಈ ಮನೆಯ ಆಸರೆಯಲ್ಲಿ ಯಾರಿದ್ದಾರೆ’ ಎಂಬುದೇ ರಿಟರ್ನಿನ ಮೊದಲ ಪುಟದ ಪ್ರಶ್ನೆ.

ತೋರಿಸಿದರೆ ಸಿಗುವುದೇನು?

1917ರಲ್ಲಿ, ಮೊದಲ ಮಹಾಯುದ್ಧದ ಖರ್ಚಿಗಾಗಿ ತೆರಿಗೆ ಏರಿಸಿದಾಗ, ಅಮೆರಿಕದ ಸಂಸತ್ತು ಒಂದೊಂದು ಅವಲಂಬಿತ ಮಗುವಿಗೆ 200 ಡಾಲರ್ ವಿನಾಯಿತಿ ಕೊಟ್ಟಿತು. ಮಕ್ಕಳನ್ನು ಸಾಕುವ ಮನೆಗೆ ತೆರಿಗೆ ಕಟ್ಟುವ ಶಕ್ತಿ ಕಡಿಮೆ ಎಂಬುದು ಅದರ ಹಿಂದಿನ ತಿಳಿವಳಿಕೆ. 2017ರ ಹೊತ್ತಿಗೆ ಈ ವಿನಾಯಿತಿ ತಲೆಗೆ 4,050 ಡಾಲರಿಗೆ ಬಂದಿತ್ತು. 2018ರಿಂದ ಅದನ್ನು ಸೊನ್ನೆ ಮಾಡಲಾಯಿತು. ಎಂಟು ವರ್ಷಕ್ಕೆಂದು ಬಂದ ಆ ಏರ್ಪಾಟನ್ನು 2025ರ ಜುಲೈ 4ರಂದು ಸಹಿಯಾದ ಕಾನೂನು ಕಾಯಂ ಮಾಡಿತು.

ಅದರ ಜಾಗದಲ್ಲಿ ಈಗ ಇರುವುದು ಕ್ರೆಡಿಟ್. ಡಿಡಕ್ಷನ್ ಎಂದರೆ ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಲ್ಲಿ ಕಳೆಯುವ ಮೊತ್ತ; ಕ್ರೆಡಿಟ್ ಎಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುವ ಮೊತ್ತ. 17 ತುಂಬದ ಮಗುವಿಗೆ 2025ರ ತೆರಿಗೆ ವರ್ಷದಲ್ಲಿ 2,200 ಡಾಲರ್‌ವರೆಗೆ ಕ್ರೆಡಿಟ್ ಇದೆ. 17 ತುಂಬಿದ ವರ್ಷದಿಂದ ಅದು 500 ಡಾಲರಿಗೆ ಇಳಿಯುತ್ತದೆ. ತೆರಿಗೆ ಬಾಕಿ ಇದ್ದರಷ್ಟೇ ಈ 500 ಉಪಯೋಗಕ್ಕೆ ಬರುತ್ತದೆ, ಮರುಪಾವತಿಯಾಗಿ ಕೈಗೆ ಬರುವುದಿಲ್ಲ. ದಂಪತಿಯ ಆದಾಯ 4 ಲಕ್ಷ ಡಾಲರ್, ಒಬ್ಬರೇ ಸಲ್ಲಿಸುವವರ ಆದಾಯ 2 ಲಕ್ಷ ಡಾಲರ್ ದಾಟಿದರೆ ಅದೂ ಕರಗತೊಡಗುತ್ತದೆ.

ಬರೀ 500 ಡಾಲರಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ? ಬೇಕು, ಏಕೆಂದರೆ ಅವಲಂಬಿತರ ಹೆಸರಿನ ಬೆನ್ನಿಗೇ ಬೇರೆ ಸವಲತ್ತುಗಳೂ ಬರುತ್ತವೆ. ಕಾಲೇಜಿನ ಮೊದಲ ನಾಲ್ಕು ವರ್ಷದ ಓದಿಗೆ ಸಿಗುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ವರ್ಷಕ್ಕೆ 2,500 ಡಾಲರ್‌ವರೆಗೆ ಇದೆ. ಮಗುವನ್ನು ಅವಲಂಬಿತರೆಂದು ತೋರಿಸಿದವರಿಗೇ ಅದು ಸಲ್ಲುತ್ತದೆ. ಸಂಗಾತಿ ಇಲ್ಲದೆ ಮನೆ ನಡೆಸುವ ತಾಯಿಗೋ ತಂದೆಗೋ ‘ಹೆಡ್ ಆಫ್ ಹೌಸ್‌ಹೋಲ್ಡ್’ ಸ್ಥಾನ ಸಿಕ್ಕಬಹುದು. 2025ರಲ್ಲಿ ಒಂಟಿ ತೆರಿಗೆದಾರರ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ವಿವರ ಕೊಡದೆಯೇ ಆದಾಯದಲ್ಲಿ ಕಳೆಯಬಹುದಾದ ಮೊತ್ತ) 15,750 ಡಾಲರ್ ಆದರೆ ಈ ಸ್ಥಾನ ಪಡೆದವರದು 23,625 ಡಾಲರ್. ಕೆಲವು ರಾಜ್ಯಗಳು ತಮ್ಮದನ್ನೂ ಸೇರಿಸುತ್ತವೆ. ನ್ಯೂಜೆರ್ಸಿಯಲ್ಲಿ ಅವಲಂಬಿತ ಮಗುವಿಗೆ 1,500 ಡಾಲರ್ ವಿನಾಯಿತಿ ಇದೆ. 22 ತುಂಬದೆ ಪೂರ್ಣಾವಧಿ ಕಾಲೇಜಿನಲ್ಲಿದ್ದರೆ ಇನ್ನೂ 1,000 ಡಾಲರ್ ಕೂಡುತ್ತದೆ.

ಎರಡು ದಾರಿಗಳು

ಬೆಳೆದ ಮಗುವನ್ನು ಅವಲಂಬಿತರೆಂದು ತೋರಿಸಲು ಕಾನೂನಿನಲ್ಲಿ ಎರಡು ದಾರಿಗಳಿವೆ. ಮೊದಲನೆಯದು ‘ಅರ್ಹ ಮಗು’, ಎರಡನೆಯದು ‘ಅರ್ಹ ಬಂಧು’. ಮೊದಲ ದಾರಿಯಲ್ಲಿ ನಡೆಯದಿದ್ದರೆ ಎರಡನೆಯದನ್ನು ನೋಡಬೇಕು. ಎರಡರ ಷರತ್ತುಗಳನ್ನು ಬೆರೆಸಿಕೊಳ್ಳುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ.

‘ಅರ್ಹ ಮಗು’ ಎನಿಸಿಕೊಳ್ಳಲು ಡಿಸೆಂಬರ್ 31ಕ್ಕೆ 19 ತುಂಬಿರಬಾರದು. ಪೂರ್ಣಾವಧಿ ವಿದ್ಯಾರ್ಥಿಯಾದರೆ 24 ತುಂಬಿರಬಾರದು. ವರ್ಷದ ಐದು ತಿಂಗಳುಗಳಲ್ಲಿ, ಪ್ರತಿ ತಿಂಗಳಿನ ಒಂದಷ್ಟು ಭಾಗವಾದರೂ, ಪೂರ್ಣಾವಧಿಗೆ ದಾಖಲಾಗಿದ್ದರೆ ಸಾಕು. ಐದು ತಿಂಗಳು ಒಂದರ ಹಿಂದೆ ಒಂದು ಬರಬೇಕೆಂದಿಲ್ಲ. ಬರೀ ಆನ್‌ಲೈನ್‌ನಲ್ಲೇ ನಡೆಯುವ ಶಾಲೆ ಲೆಕ್ಕಕ್ಕಿಲ್ಲ. ಮಗು ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಹೆತ್ತವರ ಜೊತೆ ಇರಬೇಕು, ಆದರೆ ಓದಿಗಾಗಿ ಹಾಸ್ಟೆಲಿನಲ್ಲಿದ್ದ ಕಾಲವನ್ನು ಮನೆಯಲ್ಲಿದ್ದಂತೆಯೇ ಎಣಿಸುತ್ತಾರೆ. ಮಗು ತನ್ನ ಜೀವನಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸಿರಬಾರದು. ಮದುವೆಯಾಗಿದ್ದರೆ ಸಂಗಾತಿಯ ಜೊತೆ ಜಂಟಿ ರಿಟರ್ನ್ ಸಲ್ಲಿಸಿರಬಾರದು. ಸಂಬಳದಲ್ಲಿ ಹಿಡಿದ ತೆರಿಗೆಯನ್ನು ವಾಪಸು ಪಡೆಯಲಷ್ಟೇ ಸಲ್ಲಿಸಿದ್ದರೆ ವಿನಾಯಿತಿಯಿದೆ. ಡಿಸೆಂಬರ್ ಕೊನೆಗೆ ಮದುವೆಯಾದರೂ ತೆರಿಗೆಯ ಕಣ್ಣಿಗೆ ಅವರು ಇಡೀ ವರ್ಷಕ್ಕೆ ವಿವಾಹಿತರು. ಚಳಿಗಾಲದ ರಜೆಯಲ್ಲಿ ಊರಿಗೆ ಬಂದು ಮಗಳ ಧಾರೆ ಎರೆದ ಕುಟುಂಬ ಇದನ್ನು ಮರೆಯಬಾರದು.

ಗಮನಿಸಿ, ಈ ಪಟ್ಟಿಯಲ್ಲಿ ಮಗುವಿನ ಆದಾಯಕ್ಕೆ ಮಿತಿಯೇ ಇಲ್ಲ. ಇಪ್ಪತ್ತೊಂದರ ಹುಡುಗಿ ಇಂಟರ್ನ್‌ಶಿಪ್ಪಿನಲ್ಲಿ 18,000 ಡಾಲರ್ ಗಳಿಸಿದರೂ ‘ಅರ್ಹ ಮಗು’ ಆಗಿಯೇ ಉಳಿಯಬಹುದು. ಹೆತ್ತವರೇ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಿರಬೇಕೆಂಬ ಷರತ್ತೂ ಇಲ್ಲಿಲ್ಲ. ಅಜ್ಜ ಫೀಸು ಕಟ್ಟಿದ್ದರೂ ಅಡ್ಡಿಯಿಲ್ಲ. ಕಾನೂನು ಕೇಳುವುದು ಮಗುವಿನ ಸ್ವಂತ ಪಾಲು ಅರ್ಧ ದಾಟಿತೇ ಎಂದಷ್ಟೇ.

‘ಅರ್ಹ ಬಂಧು’ವಿನ ದಾರಿಯಲ್ಲಿ ಇದೆಲ್ಲ ತಲೆಕೆಳಗು. ವಯಸ್ಸಿನ ಮಿತಿಯಿಲ್ಲ, ಸ್ವಂತ ಮಗುವಾದರೆ ಜೊತೆಯಲ್ಲೇ ವಾಸಿಸಬೇಕೆಂದೂ ಇಲ್ಲ. ಆದರೆ ಆದಾಯಕ್ಕೆ ಬಿಗಿಯಾದ ಮಿತಿಯಿದೆ: 2024ರಲ್ಲಿ 5,050 ಡಾಲರ್, 2025ರಲ್ಲಿ 5,200 ಡಾಲರ್. ತೆರಿಗೆಗೆ ಒಳಪಡುವ ಒಟ್ಟು ಆದಾಯ ಇದಕ್ಕಿಂತ ಕಡಿಮೆ ಇರಲೇಬೇಕು. ಜೊತೆಗೆ ಜೀವನಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಹೆತ್ತವರೇ ಭರಿಸಿರಬೇಕು.

ಗಳಿಸಿದ್ದೆಷ್ಟು ಅಲ್ಲ, ಖರ್ಚಾದದ್ದೆಷ್ಟು

ಹೆಚ್ಚಿನವರು ಎಡವುವುದು ಈ ಅರ್ಧದ ಲೆಕ್ಕದಲ್ಲಿ. ಇಲ್ಲಿ ಮುಖ್ಯವಾಗುವುದು ಮಗು ಗಳಿಸಿದ ಹಣವಲ್ಲ, ತನ್ನ ಜೀವನಕ್ಕೆ ಖರ್ಚು ಮಾಡಿದ ಹಣ. ಬ್ಯಾಂಕಿನಲ್ಲಿ ಉಳಿದ ದುಡ್ಡು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಕಾಲ್ಪನಿಕ ಮನೆಯ ಲೆಕ್ಕ ನೋಡೋಣ. ಮಗಳಿಗೆ 21, ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ಓದು. ಬೋಧನಾ ಶುಲ್ಕ 12,000 ಡಾಲರ್, ಅದರಲ್ಲಿ 4,000 ವಿದ್ಯಾರ್ಥಿವೇತನ. ವಿದ್ಯಾರ್ಥಿಯ ಸ್ಕಾಲರ್‌ಶಿಪ್ಪನ್ನು ಮಗುವೇ ಭರಿಸಿದ ಹಣವೆಂದು ಎಣಿಸುವುದಿಲ್ಲ, ಅದನ್ನು ಲೆಕ್ಕದಿಂದ ಹೊರಗಿಡಬೇಕು. ಉಳಿಯಿತು 8,000. ವಸತಿ ಮತ್ತು ಊಟ 13,000. ವಿಮೆ, ಬಟ್ಟೆ, ಫೋನು, ಓಡಾಟ, ಔಷಧಿ ಎಲ್ಲ ಸೇರಿ 4,000. ಒಟ್ಟು 25,000 ಡಾಲರ್, ಅದರ ಅರ್ಧ 12,500. ಮಗಳು ಬೇಸಿಗೆಯಲ್ಲಿ ದುಡಿದ 18,000ದಲ್ಲಿ 10,000ವನ್ನು ಬಾಡಿಗೆ, ಊಟಕ್ಕೆ ಬಳಸಿ, 8,000 ಉಳಿಸಿದಳು. ಅವಳ ಪಾಲು 10,000, ಅರ್ಧ ದಾಟಲಿಲ್ಲ. ಹೆತ್ತವರು ಅವಳನ್ನು ತೋರಿಸಬಹುದು.

ಈಗ ಒಂದೇ ಒಂದು ಸಂಗತಿ ಬದಲಾಯಿಸೋಣ. ಶುಲ್ಕದ 6,000 ಡಾಲರನ್ನು ಮಗಳು ತನ್ನ ಹೆಸರಿನಲ್ಲೇ ಶಿಕ್ಷಣ ಸಾಲ ಪಡೆದು ಕಟ್ಟಿದಳು. ಸಾಲ ತೀರಿಸುವ ಹೊಣೆ ಅವಳದಾದ್ದರಿಂದ ಆ ಹಣವೂ ಅವಳ ಪಾಲೇ. ಪಾಲು 16,000ಕ್ಕೆ ಏರಿತು, ಅರ್ಧ ದಾಟಿತು. ಆ ವರ್ಷ ಅವಳು ‘ಅರ್ಹ ಮಗು’ ಅಲ್ಲ. ಅದೇ ಸಾಲವನ್ನು ಅಪ್ಪನೋ ಅಮ್ಮನೋ ತಮ್ಮ ಹೆಸರಿನಲ್ಲಿ ತೆಗೆದಿದ್ದರೆ ಅದು ಅವರ ಪಾಲಾಗುತ್ತಿತ್ತು. ಸಾಲದ ಕಾಗದದಲ್ಲಿ ಯಾರ ಹೆಸರಿದೆ ಎಂಬುದು ತೆರಿಗೆಗೂ ಮುಖ್ಯ ಎಂದು ಸಾಲ ಪಡೆಯುವ ಹೊತ್ತಿನಲ್ಲಿ ಎಷ್ಟೋ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ.

ಪದವಿ ಮುಗಿಸಿದ ವರ್ಷ ಇನ್ನಷ್ಟು ಎಚ್ಚರ ಬೇಕು. ಮೇ ತಿಂಗಳಲ್ಲಿ ಪದವಿ ಪಡೆದ 22ರ ಮಗ ಜನವರಿಯಿಂದ ಮೇವರೆಗೆ ವಿದ್ಯಾರ್ಥಿಯಾಗಿದ್ದ; ಐದು ತಿಂಗಳ ಷರತ್ತು ಅಲ್ಲಿಗೇ ಮುಗಿಯಿತು. ಆಗಸ್ಟಿನಲ್ಲಿ ಸಿಯಾಟಲ್‌ನಲ್ಲಿ ಕೆಲಸಕ್ಕೆ ಸೇರುವ ತನಕ ಮನೆಯಲ್ಲಿದ್ದ ಎಂದರೆ ಅರ್ಧ ವರ್ಷದ ವಾಸವೂ ಆಯಿತು. ಉಳಿದದ್ದು ಖರ್ಚಿನ ಲೆಕ್ಕ. ಒಳ್ಳೆಯ ಸಂಬಳ ಬಂತೆಂಬ ಒಂದೇ ಕಾರಣಕ್ಕೆ ‘ಇನ್ನು ಆಗದು’ ಎಂದು ಬಿಟ್ಟುಬಿಡುವವರೂ ಇದ್ದಾರೆ, ಲೆಕ್ಕವನ್ನೇ ಹಾಕದೆ ಹಳೇ ರೂಢಿಯಂತೆ ಹೆಸರು ಸೇರಿಸುವವರೂ ಇದ್ದಾರೆ. ಎರಡೂ ಸರಿಯಲ್ಲ.

ಇಪ್ಪತ್ನಾಲ್ಕು ತುಂಬಿದ ಮೇಲೆ ಸಾಮಾನ್ಯವಾಗಿ ಎರಡನೆಯ ದಾರಿಯೊಂದೇ ಉಳಿಯುತ್ತದೆ. ಕೆಲಸ ಕಳೆದುಕೊಂಡು ಮನೆಗೆ ಮರಳಿದ 26ರ ಮಗನ ಸಂಗತಿ ನೋಡಿ. ಮಾರ್ಚ್‌ನಿಂದ ಅವನ ಊಟ, ವಸತಿ, ವಿಮೆ ಎಲ್ಲ ಅಪ್ಪ-ಅಮ್ಮನದೇ. ಆದರೂ ಜನವರಿ, ಫೆಬ್ರುವರಿಯಲ್ಲಿ ಬಂದ ಸಂಬಳವೇ 9,000 ಡಾಲರ್ ಆದರೆ ಆ ಇಡೀ ವರ್ಷಕ್ಕೆ ಅವನನ್ನು ತೋರಿಸಲಾಗದು. ತಿಂಗಳ ಲೆಕ್ಕದಲ್ಲಿ ಮಿತಿಯನ್ನು ಹಂಚುವ ಅವಕಾಶವಿಲ್ಲ. ನಿರುದ್ಯೋಗ ಭತ್ಯೆಯೂ ಆದಾಯವೇ. ಮರುವರ್ಷವೂ ಕೆಲಸ ಸಿಗದೆ, ಆದಾಯ ಮಿತಿಯೊಳಗೇ ಇದ್ದರೆ ಆಗ ತೋರಿಸಬಹುದು.

ವಯಸ್ಸಿನ ಮಿತಿ ಇಲ್ಲದವರು

ಕಾಯಂ ಮತ್ತು ಸಂಪೂರ್ಣ ಅಂಗವೈಕಲ್ಯವಿರುವ ಮಗುವಿಗೆ ‘ಅರ್ಹ ಮಗು’ವಿನ ದಾರಿ ಯಾವ ವಯಸ್ಸಿನಲ್ಲೂ ತೆರೆದಿದೆ. ಮೂವತ್ತೈದು ವರ್ಷದ ಮಗನೂ, ಹೆತ್ತವರ ಜೊತೆ ವಾಸಿಸುತ್ತ ತನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸದಿದ್ದರೆ, ಈ ಲೆಕ್ಕಕ್ಕೆ ಬರುತ್ತಾನೆ. ವಿದ್ಯಾರ್ಥಿಯಾಗಿರಬೇಕಿಲ್ಲ, ಆದಾಯದ ಮಿತಿಯೂ ಇಲ್ಲ. ದುಡಿಮೆಯ ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಸಿಗುವ ಅರ್ನ್ಡ್ ಇನ್‌ಕಮ್ ಕ್ರೆಡಿಟ್‌ನಲ್ಲೂ ಇಂಥ ಮಗುವಿಗೆ ವಯಸ್ಸಿನ ಅಡ್ಡಿಯಿಲ್ಲ. ಬೇಕಾದದ್ದು ಒಂದು ವೈದ್ಯರ ದೃಢೀಕರಣ: ಈ ಸ್ಥಿತಿಯಲ್ಲಿ ಗಣನೀಯ ದುಡಿಮೆ ಸಾಧ್ಯವಿಲ್ಲ, ಇದು ಕನಿಷ್ಠ ಒಂದು ವರ್ಷ ಮುಂದುವರಿಯುವಂಥದ್ದು ಎಂಬ ಮಾತು ಅದರಲ್ಲಿರಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕುಟುಂಬಗಳಲ್ಲಿ ಮಗುವಿನ ಬೌದ್ಧಿಕ ಅಥವಾ ಮಾನಸಿಕ ಅಂಗವೈಕಲ್ಯವನ್ನು ಕಾಗದದ ಮೇಲೆ ಒಪ್ಪಿಕೊಳ್ಳಲು ಹಿಂಜರಿಕೆಯಿದೆ. ಯಾರಿಗಾದರೂ ಗೊತ್ತಾದೀತು, ಮುಂದೆ ತೊಂದರೆಯಾದೀತು ಎಂಬ ಅಂಜಿಕೆ. ತೆರಿಗೆ ರಿಟರ್ನಿನ ಮಾಹಿತಿಯನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಗುಟ್ಟಾಗಿಡಬೇಕೆಂಬುದು ಕಾನೂನು. ವರ್ಷಗಟ್ಟಲೆ ಹಗಲಿರುಳು ಆರೈಕೆ ಮಾಡುವ ತಾಯಿ-ತಂದೆ ತಮಗೆ ಸಲ್ಲಬೇಕಾದ ನೆರವನ್ನು ಸಂಕೋಚದಿಂದ ಕೈಬಿಡಬಾರದು.

ವೀಸಾ ಬದಲಾದರೆ ಉತ್ತರವೂ ಬದಲು

ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಹೆತ್ತವರಿಗೆ ಮೇಲಿನಷ್ಟು ತಿಳಿದರೆ ಸಾಕು. ಎಚ್-1ಬಿ ವೀಸಾದಲ್ಲಿ ಕುಟುಂಬದೊಂದಿಗೆ ಹೋಗಿ ಗ್ರೀನ್‌ಕಾರ್ಡಿನ ಸರತಿಯಲ್ಲಿ ಕಾಯುತ್ತಿರುವವರಿಗೆ ಇನ್ನೊಂದು ಮೆಟ್ಟಿಲಿದೆ. ಅವಲಂಬಿತರು ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ತೆರಿಗೆಯ ಲೆಕ್ಕದಲ್ಲಿ ವರ್ಷದ ಒಂದಷ್ಟು ಕಾಲವಾದರೂ ಅಲ್ಲಿನ ನಿವಾಸಿಯಾಗಿರಬೇಕು. ಕೆನಡಾ, ಮೆಕ್ಸಿಕೋ ನಿವಾಸಿಗಳಿಗಷ್ಟೇ ಇದರಲ್ಲಿ ರಿಯಾಯಿತಿ. ಮೈಸೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿರುವ, ಭಾರತದ ಪ್ರಜೆಯಾದ ಮಗನಿಗೆ ಅಪ್ಪ ತಿಂಗಳು ತಿಂಗಳು ಎಷ್ಟು ಡಾಲರ್ ಕಳಿಸಿದರೂ ಅವನನ್ನು ಅಮೆರಿಕದ ರಿಟರ್ನಿನಲ್ಲಿ ತೋರಿಸಲಾಗದು. ಅದೇ ಮಗ ಅಮೆರಿಕದಲ್ಲಿ ಹುಟ್ಟಿದ ಪ್ರಜೆಯಾಗಿದ್ದು, ವೈದ್ಯಕೀಯ ಓದಿಗೆಂದು ಕರ್ನಾಟಕಕ್ಕೆ ಬಂದು, ಮುಗಿದ ಮೇಲೆ ಮನೆಗೆ ಮರಳುವವನಾದರೆ, ಓದಿಗಾಗಿ ಹೊರಗಿದ್ದ ಕಾಲ ಮನೆಯಲ್ಲಿದ್ದಂತೆಯೇ ಆಗುತ್ತದೆ. ಅಣ್ಣ-ತಮ್ಮಂದಿರಲ್ಲೇ ಒಬ್ಬನಿಗೆ ಸಲ್ಲುವುದು ಇನ್ನೊಬ್ಬನಿಗೆ ಸಲ್ಲದಿರಬಹುದು.

ಎಚ್-1ಬಿ ನೌಕರರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದ ಮಕ್ಕಳ ವಿಚಾರ ಇನ್ನೂ ಸೂಕ್ಷ್ಮ. ಇಪ್ಪತ್ತೊಂದು ತುಂಬಿದ ದಿನ ಆ ವೀಸಾದ ಅರ್ಹತೆ ಮುಗಿಯುತ್ತದೆ. ಹಲವರು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗುತ್ತಾರೆ. ಎಚ್-4ರಲ್ಲಿದ್ದ ದಿನಗಳನ್ನು ತೆರಿಗೆಯ ನಿವಾಸದ ಲೆಕ್ಕಕ್ಕೆ ಎಣಿಸುತ್ತಾರೆ. ಎಫ್-1ರ ದಿನಗಳನ್ನು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಎಣಿಸುವುದಿಲ್ಲ. ಪರಿಣಾಮ ಹೀಗೆ: ಬದಲಾದ ವರ್ಷದಲ್ಲಿ ಮಗಳು ಒಂದಷ್ಟು ಕಾಲ ನಿವಾಸಿಯಾಗಿದ್ದಳು ಎಂಬ ನೆಲೆಯಲ್ಲಿ ಅವಳನ್ನು ತೋರಿಸಬಹುದು. ಮರುವರ್ಷ ಅವಳು ಅದೇ ಮನೆಯಲ್ಲಿ, ಅದೇ ಕಾಲೇಜಿನಲ್ಲಿ, ಅದೇ ಅಪ್ಪನ ದುಡ್ಡಿನಲ್ಲಿ ಓದುತ್ತಿದ್ದರೂ ತೆರಿಗೆಯ ಕಣ್ಣಿಗೆ ಅನಿವಾಸಿ. ಅವಲಂಬಿತಳೆಂದು ತೋರಿಸುವ ಹಾದಿ ಮುಚ್ಚಿತು. ಆದಾಯವಿಲ್ಲದಿದ್ದರೂ ಅವಳು 8843 ಎಂಬ ಫಾರಂ ಸಲ್ಲಿಸಬೇಕು; ಸಂಬಳವಿದ್ದರೆ ಅನಿವಾಸಿಗಳ ರಿಟರ್ನ್ ಸಲ್ಲಿಸಬೇಕು. ಗ್ರೀನ್‌ಕಾರ್ಡ್ ಬಂದರೆ ಮತ್ತೆ ನಿವಾಸಿ. ಮಕ್ಕಳ ವೀಸಾ ಬದಲಾದ ವರ್ಷ ಈ ನಿಯಮ ಬಲ್ಲ ತೆರಿಗೆ ಸಲಹೆಗಾರರಿಗೆ ಕೊಡುವ ಶುಲ್ಕ ದಂಡವಲ್ಲ.

ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದ ಮಗುವಿಗೆ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಸಾಕು, 500 ಡಾಲರ್ ಕ್ರೆಡಿಟ್ ಸಿಗುತ್ತದೆ. ಆದರೆ ಆ ಸಂಖ್ಯೆಯನ್ನು ಸತತ ಮೂರು ವರ್ಷ ಯಾವ ರಿಟರ್ನಿನಲ್ಲೂ ಬಳಸದಿದ್ದರೆ ಅದರ ಅವಧಿ ಮುಗಿಯುತ್ತದೆ. ಕಾಲೇಜು ಓದಿನ ಕ್ರೆಡಿಟ್‌ಗಳಿಗೆ 2026ರ ತೆರಿಗೆ ವರ್ಷದಿಂದ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆಯೇ ಬೇಕು. ಎಚ್-4 ಮಕ್ಕಳಿರುವ ಮನೆಗಳು ಇದನ್ನು ಈಗಲೇ ತಿಳಿದಿರಲಿ.

ಮಗುವಿನ ರಿಟರ್ನಿನ ಒಂದು ಚೌಕ

ಈಗ ಇನ್ನೊಂದು ರಿಟರ್ನಿನ ಕಡೆ ಬರೋಣ. ಮಗು ಸಲ್ಲಿಸುವ 1040 ಫಾರಂನಲ್ಲಿ ಒಂದು ಚಿಕ್ಕ ಚೌಕವಿದೆ: ನಿಮ್ಮನ್ನು ಬೇರೆ ಯಾರಾದರೂ ಅವಲಂಬಿತರೆಂದು ತೋರಿಸಬಹುದೇ? ಕೇಳಿರುವುದು ‘ತೋರಿಸಬಹುದೇ’ ಎಂದು, ‘ತೋರಿಸಿದ್ದಾರೆಯೇ’ ಎಂದಲ್ಲ. ಹೆತ್ತವರಿಗೆ ಆ ಹಕ್ಕಿದ್ದು ಅವರು ಅದನ್ನು ಬಳಸದಿದ್ದರೂ ಮಗು ಅಲ್ಲಿ ಗುರುತು ಹಾಕಲೇಬೇಕು.

ಹಾಸ್ಟೆಲಿನ ಕೋಣೆಯಲ್ಲಿ ಕೂತು, ಪಾರ್ಟ್‌ಟೈಮ್ ಕೆಲಸದ ಡಬ್ಲ್ಯು-2 ಎಂಬ ಸಂಬಳದ ವಿವರಪತ್ರ ಮುಂದಿಟ್ಟುಕೊಂಡು, ನೂರಿನ್ನೂರು ಡಾಲರ್ ವಾಪಸು ಬರುತ್ತದೆಂದು ಫೆಬ್ರುವರಿಯಲ್ಲೇ ಫೋನಿನಲ್ಲಿ ರಿಟರ್ನ್ ಸಲ್ಲಿಸುವ ಹುಡುಗ ಈ ಚೌಕವನ್ನು ಖಾಲಿ ಬಿಡುವುದು ಸುಲಭ. ಏಪ್ರಿಲ್‌ನಲ್ಲಿ ಹೆತ್ತವರ ರಿಟರ್ನ್ ಆನ್‌ಲೈನ್‌ನಲ್ಲಿ ತಿರಸ್ಕಾರವಾದಾಗಲೇ ಸಂಗತಿ ಬಯಲಾಗುವುದು. ಹಿಂದೆಲ್ಲ ಆಗ ಕಾಗದದ ರಿಟರ್ನನ್ನು ಅಂಚೆಯಲ್ಲಿ ಕಳಿಸುವುದೊಂದೇ ದಾರಿಯಾಗಿತ್ತು. 2025ರ ಸಲ್ಲಿಕೆಯ ಋತುವಿನಿಂದ, ರಿಟರ್ನ್ ಸಲ್ಲಿಸುವವರ ಬಳಿ ಐಆರ್‌ಎಸ್ ಕೊಡುವ ಗುರುತಿನ ರಕ್ಷಣೆಯ ಐಪಿ ಪಿನ್ ಇದ್ದರೆ ಆನ್‌ಲೈನ್‌ನಲ್ಲೇ ಸ್ವೀಕರಿಸುತ್ತಾರೆ. ಆಮೇಲೆ ಎರಡೂ ಕಡೆಗೆ ಸಿಪಿ87ಎ ಎಂಬ ನೋಟಿಸು ಬರಬಹುದು: ತಪ್ಪು ಮಾಡಿದವರು 1040-ಎಕ್ಸ್ ಫಾರಂನಲ್ಲಿ ತಿದ್ದಿಕೊಳ್ಳಿ ಎಂದು. ಇಬ್ಬರೂ ಸುಮ್ಮನಿದ್ದರೆ ಮುಂದಿನದು ತಪಾಸಣೆ. ನಿಯಮಗಳನ್ನು ಬೇಕೆಂದೇ ಕಡೆಗಣಿಸಿ ಕ್ರೆಡಿಟ್ ಪಡೆದದ್ದು ಸಾಬೀತಾದರೆ ಎರಡು ವರ್ಷ, ವಂಚನೆಯಾದರೆ ಹತ್ತು ವರ್ಷ ಆ ಕ್ರೆಡಿಟ್ ಕೇಳುವಂತಿಲ್ಲ.

ಈ ಕಟ್ಟುನಿಟ್ಟಿಗೆ ಇತಿಹಾಸವಿದೆ. ಹಿಂದೆ ಹೆತ್ತವರು ತೋರಿಸಿದ ಮಗು ತನ್ನ ರಿಟರ್ನಿನಲ್ಲೂ ವಿನಾಯಿತಿ ಪಡೆಯಬಹುದಿತ್ತು. 1986ರ ತೆರಿಗೆ ಸುಧಾರಣಾ ಕಾಯ್ದೆ ಅದನ್ನು ನಿಲ್ಲಿಸಿತು, ಐದು ವರ್ಷ ತುಂಬಿದ ಅವಲಂಬಿತರಿಗೆಲ್ಲ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆ ಬರೆಯಬೇಕೆಂದೂ ವಿಧಿಸಿತು. ಮರುವರ್ಷದ ರಿಟರ್ನುಗಳಲ್ಲಿ ಸುಮಾರು 70 ಲಕ್ಷ ಅವಲಂಬಿತರು ಇಲ್ಲವಾದರು. ಎರಡೆರಡು ಕಡೆ ತೋರಿಸಿದವರು, ಇಲ್ಲದೇ ಇದ್ದವರು, ಎಲ್ಲರೂ ಅದರಲ್ಲಿದ್ದರು.

ಅವಲಂಬಿತನೆಂದು ಗುರುತು ಹಾಕಿದರೆ ಮಗುವಿಗೆ ನಷ್ಟವೇ? ಸಂಬಳವಷ್ಟೇ ಇದ್ದರೆ ಬಹುಮಟ್ಟಿಗೆ ಇಲ್ಲ. 2025ರಲ್ಲಿ ಅವಲಂಬಿತರ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದರೆ 1,350 ಡಾಲರ್, ಅಥವಾ ದುಡಿಮೆಯ ಆದಾಯಕ್ಕೆ 450 ಸೇರಿಸಿದ ಮೊತ್ತ, ಇವೆರಡರಲ್ಲಿ ಹೆಚ್ಚಿನದು. ಅದು 15,750 ಮೀರುವಂತಿಲ್ಲ. 10,000 ದುಡಿದವನಿಗೆ 10,450 ಡಿಡಕ್ಷನ್ ಇರುವುದರಿಂದ ತೆರಿಗೆಯೇ ಬಾರದು. ಬಡ್ಡಿ, ಷೇರು ಲಾಭವಾದರೆ ಬೇರೆ ಮಾತು. ಅಂಥ ಆದಾಯ 2,700 ಡಾಲರ್ ದಾಟಿದರೆ ಮೇಲಿನ ಭಾಗಕ್ಕೆ ಹೆತ್ತವರ ದರದಲ್ಲೇ ತೆರಿಗೆ ಬೀಳಬಹುದು. ಅಜ್ಜ ಮೊಮ್ಮಗಳ ಹೆಸರಿನಲ್ಲಿ ಊರಿನ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಯೂ ಅಮೆರಿಕದ ಲೆಕ್ಕಕ್ಕೆ ಬರುತ್ತದೆ. ಹೊರದೇಶದ ಖಾತೆಗಳಲ್ಲಿರುವ ಒಟ್ಟು ಹಣ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ಪ್ರತ್ಯೇಕ ವರದಿಯನ್ನೂ ಕೊಡಬೇಕು.

ಬಿಟ್ಟುಕೊಟ್ಟರೆ ಲಾಭವಾಗುವ ಸಂದರ್ಭ

ತೋರಿಸುವ ಹಕ್ಕಿದ್ದರೂ ಬಳಸದಿರುವುದು ಕೆಲವೊಮ್ಮೆ ಜಾಣತನ. ಕಾಲೇಜು ಓದಿನ ಕ್ರೆಡಿಟ್ ದಂಪತಿಯ ಆದಾಯ 1,60,000 ಡಾಲರ್ ದಾಟಿದಾಗ ಇಳಿಯತೊಡಗಿ 1,80,000ಕ್ಕೆ ಪೂರ್ತಿ ನಿಲ್ಲುತ್ತದೆ. ಇಬ್ಬರೂ ಐಟಿ ಕೆಲಸದಲ್ಲಿರುವ ಎಷ್ಟೋ ಮನೆಗಳು ಈ ಗೆರೆಯಾಚೆ ಇವೆ. ಅಂಥವರು ಮಗನನ್ನು ತೋರಿಸದೆ ಬಿಟ್ಟರೆ, ಅವನು ಅದೇ ಕ್ರೆಡಿಟ್ಟನ್ನು ತನ್ನ ತೆರಿಗೆಯ ಮಟ್ಟಿಗೆ ತಾನೇ ಪಡೆಯಬಹುದು. ಫೀಸು ಕಟ್ಟಿದವರು ಹೆತ್ತವರಾದರೂ ಅದನ್ನು ಅವನೇ ಕಟ್ಟಿದಂತೆ ಎಣಿಸುತ್ತಾರೆ. 2025ರ ಮೇ ತಿಂಗಳಲ್ಲಿ ಪದವಿ ಪಡೆದು ವರ್ಷದ ಕೊನೆಯೊಳಗೆ 40,000 ಡಾಲರ್ ಗಳಿಸಿದವನ ಫೆಡರಲ್ ತೆರಿಗೆ ಸುಮಾರು 2,670 ಡಾಲರ್. ಉಳಿದ ಷರತ್ತುಗಳೆಲ್ಲ ಕೂಡಿಬಂದು 2,500 ಡಾಲರ್ ಕ್ರೆಡಿಟ್ ಸಿಕ್ಕರೆ ಅವನು ಕಟ್ಟುವುದು ನೂರೆಪ್ಪತ್ತು. ಹೆತ್ತವರು ಬಿಡುವುದು 500 ಮಾತ್ರ. ಎರಡೂ ರಿಟರ್ನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಈ ಲಾಭ ಕಾಣುವುದಿಲ್ಲ.

2020ರಲ್ಲಿ, ಅವಲಂಬಿತರ ಪಟ್ಟಿಯಲ್ಲಿ ಹೆಸರಿರುವುದರ ಬಿಸಿ ದೇಶಕ್ಕೆಲ್ಲ ತಟ್ಟಿತು. ಕೋವಿಡ್ ಪರಿಹಾರವಾಗಿ ವಯಸ್ಕರಿಗೆ 1,200 ಡಾಲರ್, 17 ತುಂಬದ ಮಕ್ಕಳಿಗೆ 500 ಡಾಲರ್ ಕೊಟ್ಟಾಗ, ಹೆತ್ತವರ ರಿಟರ್ನಿನಲ್ಲಿ ಹೆಸರಿದ್ದ ಕಾಲೇಜು ವಿದ್ಯಾರ್ಥಿಗಳು ಎರಡಕ್ಕೂ ಸಲ್ಲಲಿಲ್ಲ. 2021ರ ಮಾರ್ಚಿನ ಮೂರನೆಯ ಕಂತಿನಲ್ಲಷ್ಟೇ ಎಲ್ಲ ವಯಸ್ಸಿನ ಅವಲಂಬಿತರಿಗೂ 1,400 ಡಾಲರ್ ಬಂತು. ದೊಡ್ಡವರೂ ಅಲ್ಲ, ಚಿಕ್ಕವರೂ ಅಲ್ಲ ಎಂದು ಒಂದು ವಯೋಮಾನವನ್ನೇ ಕಾನೂನು ಬಿಟ್ಟುಬಿಟ್ಟಿತ್ತು.

ಒಂದೇ ಹೆಸರು, ಬೇರೆ ಬೇರೆ ನಿಯಮ

‘ಡಿಪೆಂಡೆಂಟ್’ ಎಂಬ ಮಾತು ಬೇರೆಡೆಯೂ ಬರುತ್ತದೆ, ಆದರೆ ಅಲ್ಲಿನ ನಿಯಮ ಇಲ್ಲಿಗೆ ಸಲ್ಲುವುದಿಲ್ಲ. ಹೆತ್ತವರ ಆರೋಗ್ಯ ವಿಮೆಯಲ್ಲಿ ಮಗು 26 ತುಂಬುವವರೆಗೆ ಇರಬಹುದು. ಓದುತ್ತಿರಬೇಕೆಂದಿಲ್ಲ, ಮದುವೆಯಾಗಿದ್ದರೂ ಸರಿ. ಆದರೆ ವಿಮೆಯಲ್ಲಿದ್ದಾರೆ ಎಂದ ಮಾತ್ರಕ್ಕೆ ತೆರಿಗೆಯಲ್ಲಿ ಅವಲಂಬಿತರಲ್ಲ. ಇದರಲ್ಲೊಂದು ಬಲೆಯಿದೆ. ತೆರಿಗೆಯಲ್ಲಿ ಅವಲಂಬಿತಳಲ್ಲದ 25ರ ಮಗಳ ಆಸ್ಪತ್ರೆ ಬಿಲ್ಲನ್ನು ತಂದೆ ತಮ್ಮ ಎಚ್‌ಎಸ್‌ಎ ಎಂಬ ಆರೋಗ್ಯ ಉಳಿತಾಯ ಖಾತೆಯಿಂದ ಕಟ್ಟಿದರೆ ಆ ಹಣಕ್ಕೆ ತೆರಿಗೆಯೂ ದಂಡವೂ ಬೀಳಬಹುದು. ಕಾಲೇಜಿನ ಹಣಕಾಸು ನೆರವಿನ ಎಫ್‌ಎಎಫ್‌ಎಸ್‌ಎ ಅರ್ಜಿಗೂ ತನ್ನದೇ ನಿಯಮವಿದೆ: ಪದವಿ ಓದುವ, 24 ತುಂಬದ ಅವಿವಾಹಿತ ವಿದ್ಯಾರ್ಥಿ ಸಾಮಾನ್ಯವಾಗಿ ಅಲ್ಲಿ ಅವಲಂಬಿತನೇ, ಹೆತ್ತವರು ತೆರಿಗೆಯಲ್ಲಿ ತೋರಿಸಲಿ, ಬಿಡಲಿ.

ಜನವರಿಯಲ್ಲೇ ಆಡಬೇಕಾದ ಮಾತು

ಹದಿನೇಳರ ಗಡಿ ದಾಟಿದೊಡನೆ ಕ್ರೆಡಿಟ್ ಕಾಲು ಭಾಗಕ್ಕಿಂತಲೂ ಕೆಳಗಿಳಿಯುವುದು ನ್ಯಾಯವಲ್ಲ. ಮಗುವಿನ ಖರ್ಚು ಅತಿ ಹೆಚ್ಚಾಗುವುದು ಕಾಲೇಜಿನ ವರ್ಷಗಳಲ್ಲೇ. 2018ರಲ್ಲಿ ನಿಗದಿಯಾದ 500 ಡಾಲರ್ ಇಂದಿಗೂ 500 ಡಾಲರೇ. ಬೆಲೆಯೇರಿಕೆಗೆ ತಕ್ಕಂತೆ ಅದು ಬೆಳೆಯುವುದಿಲ್ಲ. ಇದನ್ನು ತಿದ್ದುವ ಕೆಲಸ ಅಲ್ಲಿನ ಸಂಸತ್ತಿನದು, ಅದನ್ನು ಕೇಳುವ ಹಕ್ಕು ಅಲ್ಲಿ ಮತ ಹಾಕುವ ನಮ್ಮವರಿಗೂ ಇದೆ.

ಮನೆಯ ಮಟ್ಟದಲ್ಲಿ ಆಗಬೇಕಾದದ್ದು ಅಷ್ಟು ದೂರದ್ದಲ್ಲ. ಜನವರಿಯಲ್ಲಿ, ಡಬ್ಲ್ಯು-2 ಮತ್ತು ಕಾಲೇಜು ಕಳಿಸುವ 1098-ಟಿ ಎಂಬ ಶುಲ್ಕದ ವಿವರಪತ್ರ ಬಂದೊಡನೆ, ಹೆತ್ತವರೂ ಮಗುವೂ ಒಟ್ಟಿಗೆ ಕೂರಲಿ. ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು, ಯಾವುದು ಯಾರ ಹಣ ಎಂದು ಗುರುತಿಸಲಿ. ಸಾಲ ಯಾರ ಹೆಸರಿನದು, ವೀಸಾ ಬದಲಾಯಿತೇ, ಮದುವೆಯಾಯಿತೇ ಎಂದು ನೋಡಲಿ. ಎರಡೂ ರಿಟರ್ನುಗಳನ್ನು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ, ಕಾನೂನು ಒಪ್ಪುವ ಆಯ್ಕೆಗಳಲ್ಲಿ ಮನೆಗೆ ಹಿತವಾದದ್ದನ್ನು ಆರಿಸಲಿ. ‘ನಾನು ಯಾರನ್ನು ಅವಲಂಬಿತರೆಂದು ತೋರಿಸಬಹುದು’ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಐಆರ್‌ಎಸ್ ಜಾಲತಾಣದಲ್ಲಿ ಹಂತಹಂತವಾಗಿ ಕೇಳುತ್ತ ಹೋಗುವ ಉಚಿತ ಸಾಧನವೇ ಇದೆ. ಆದಾಯ ಕಡಿಮೆಯಿದ್ದವರಿಗೆ ವೀಟಾ ಎಂಬ ಯೋಜನೆಯಲ್ಲಿ ತರಬೇತಾದ ಸ್ವಯಂಸೇವಕರು ಉಚಿತವಾಗಿ ರಿಟರ್ನ್ ತುಂಬಿಕೊಡುತ್ತಾರೆ.

ನಮ್ಮ ಮನೆಗಳಲ್ಲಿ ದುಡ್ಡಿನ ಮಾತನ್ನು ಮಕ್ಕಳಿಂದ ದೂರವಿಡುವ ಅಭ್ಯಾಸ ಹಳೆಯದು. ಅಪ್ಪನ ಸಂಬಳವೆಷ್ಟು, ಫೀಸಿಗೆ ಎಲ್ಲಿಂದ ಹೊಂದಿಸಿದರು ಎಂದು ಮಕ್ಕಳಿಗೆ ತಿಳಿಯದಿರುವುದನ್ನೇ ನಾವು ಪ್ರೀತಿ ಎಂದುಕೊಂಡಿದ್ದೇವೆ. ಮಗನ ರಿಟರ್ನನ್ನೂ ಅಪ್ಪನೇ ತುಂಬಿ ಸಲ್ಲಿಸಿಬಿಡುವುದು ಅದರ ಮುಂದುವರಿಕೆ. ಆದರೆ ಆ ರಿಟರ್ನಿನ ಕೆಳಗಿರುವುದು ಮಗನ ಸಹಿ. ಸುಳ್ಳು ಹೇಳಿಕೆಗೆ ಶಿಕ್ಷೆಯುಂಟು ಎಂಬ ಷರತ್ತಿಗೆ ಒಪ್ಪಿ ಹಾಕುವ ಸಹಿ. ಅದಕ್ಕೆ ಹೊಣೆಗಾರ ಅವನೇ. ಓದದೆ ಸಹಿ ಹಾಕುವುದನ್ನು ಅವನಿಗೆ ಹೆತ್ತವರೇ ಕಲಿಸಬಾರದು. ಅವಲಂಬಿತನೆಂದು ಬರೆಸಿಕೊಳ್ಳುವುದರಲ್ಲಿ ಮಗುವಿಗೆ ಅವಮಾನವಿಲ್ಲ, ಈ ವರ್ಷ ಹೆಸರು ಬಿಟ್ಟರೆ ಹೆತ್ತವರ ಹಕ್ಕು ಕುಂದುವುದಿಲ್ಲ. ಎರಡೂ ಆ ವರ್ಷದ ಸತ್ಯವನ್ನು ಹೇಳುವ ಕ್ರಮ. ಲೆಕ್ಕವನ್ನು ಮಗುವಿನ ಮುಂದೆ ತೆರೆದಿಡಿ, ಅವರ ರಿಟರ್ನನ್ನು ಅವರೇ ಓದಿ ತುಂಬಲಿ. ಮುಂದೆ ಯಾರ ಆಸರೆಯೂ ಇಲ್ಲದೆ ತೆರಿಗೆ ಕಟ್ಟುವ ದಿನ ಬಂದಾಗ ಅವರು ಯಾರನ್ನೂ ಕೇಳಬೇಕಾಗುವುದಿಲ್ಲ.